ಬುಸಾನ್‌ನ ಲೋಟೆ ಜೈಂಟ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೋಟೆ ಎಂದರೆ ಚಾಕೊಲೇಟ್ ಕಂಪನಿಯಲ್ಲವೇ? ಅದಕ್ಕೂ ಬೇಸ್‌ಬಾಲಿಗೂ ಏನು ಸಂಬಂಧ?

ಅದೇ ಕಂಪನಿ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಿಗುವ ಲೋಟೆ ಚೋಕೋ ಪೈ ಅವರದೇ. 2004ರಲ್ಲಿ ಪ್ಯಾರೀಸ್ ಮಿಠಾಯಿ ಕಂಪನಿಯನ್ನು ಕೊಂಡ ಮೇಲೆ ಗಾಜಿನ ಭರಣಿಯ ಕಾಫಿ ಬೈಟ್ ಕೂಡ ಅವರದಾಯಿತು. ಕೊರಿಯದಿಂದ ಜಪಾನಿಗೆ ಹೋದ ಶಿನ್ ಕ್ಯೊಕ್‌ಹೋ ಎಂಬುವರು 1948ರಲ್ಲಿ ಅಲ್ಲಿ ಚ್ಯೂಯಿಂಗ್ ಗಮ್ ಮಾಡುತ್ತಾ ಕಟ್ಟಿದ ಸಂಸ್ಥೆ ಇದು. ಜಪಾನಿನಲ್ಲೂ ಇದೇ ಸಮೂಹಕ್ಕೆ ಚಿಬಾ ಲೋಟೆ ಮರೀನ್ಸ್ ಎಂಬ ಇನ್ನೊಂದು ಬೇಸ್‌ಬಾಲ್ ತಂಡವಿದೆ.

ಕೊರಿಯದ ವೃತ್ತಿಪರ ಬೇಸ್‌ಬಾಲಿನಲ್ಲಿ ಬಹುತೇಕ ತಂಡಗಳು ಒಡೆಯ ಕಂಪನಿಯ ಹೆಸರನ್ನು ಹೊರುತ್ತವೆ. ಸ್ಯಾಮ್‌ಸಂಗ್ ಲಯನ್ಸ್, ಎಲ್‌ಜಿ ಟ್ವಿನ್ಸ್, ಕಿಯಾ ಟೈಗರ್ಸ್ ಎಲ್ಲವೂ ಹೀಗೆಯೇ. ಕಾಗದದ ಮೇಲೆ ಲೋಟೆ ಜೈಂಟ್ಸ್ ಕಂಪನಿಯ ಆಸ್ತಿ, ಆದರೆ ಬುಸಾನ್ ಬಂದರಿನ ಜನ ಅದನ್ನು ತಮ್ಮ ಮನೆಯ ಕೂಸು ಎಂದೇ ತಿಳಿದಿದ್ದಾರೆ. ಒಡೆಯನಿಗೂ ಊರಿಗೂ ಈ ತಂಡದ ವಿಷಯದಲ್ಲಿ ಹಲವು ಸಲ ಜಟಾಪಟಿ ಆಗಿದೆ. ನಾನು ಊರಿನ ಪಕ್ಷ ಎಂದು ಮೊದಲೇ ಹೇಳಿಬಿಡುತ್ತೇನೆ.

ತಂಡ ಯಾವಾಗ ಹುಟ್ಟಿತು?

1975ರಲ್ಲಿ ಹವ್ಯಾಸಿ ತಂಡವಾಗಿ. 1982ರಲ್ಲಿ ಕೊರಿಯದ ವೃತ್ತಿಪರ ಲೀಗ್ ಆರಂಭವಾದಾಗ ಆರು ಸ್ಥಾಪಕ ತಂಡಗಳಲ್ಲಿ ಒಂದಾಯಿತು. ಆಗ ದೇಶವನ್ನು ಆಳುತ್ತಿದ್ದದ್ದು ಚುನ್ ದೂಹ್ವಾನ್ ಎಂಬ ಸೇನಾಧಿಕಾರಿ. 1980ರಲ್ಲಿ ಗ್ವಾಂಗ್‌ಜು ನಗರದ ಪ್ರಜಾಪ್ರಭುತ್ವ ಹೋರಾಟವನ್ನು ರಕ್ತದಲ್ಲಿ ಮುಳುಗಿಸಿದ ಸರ್ಕಾರಕ್ಕೆ ಜನರ ಗಮನ ಬೇರೆಡೆ ಹರಿಯಬೇಕಿತ್ತು. ಲೀಗ್ ಅಷ್ಟು ಬೇಗ ತಲೆಯೆತ್ತಲು ಇದೂ ಒಂದು ಕಾರಣ. ಆದರೆ ಆಟ ಒಮ್ಮೆ ಜನರ ಕೈಗೆ ಸಿಕ್ಕ ಮೇಲೆ ಸರ್ಕಾರದ ಲೆಕ್ಕಾಚಾರಕ್ಕೆ ನಿಲುಕಲಿಲ್ಲ.

ಆ ಆರು ತಂಡಗಳಲ್ಲಿ ಒಡೆಯ, ಹೆಸರು, ಊರು ಮೂರನ್ನೂ ಇಂದಿನವರೆಗೆ ಬದಲಿಸದೆ ಉಳಿದಿರುವವು ಎರಡೇ: ದೇಗು ನಗರದ ಸ್ಯಾಮ್‌ಸಂಗ್ ಮತ್ತು ಬುಸಾನ್‌ನ ಲೋಟೆ.

ನನಗೆ ಕ್ರಿಕೆಟ್ ಮಾತ್ರ ಗೊತ್ತು. ಈ ಕಥೆ ಅರ್ಥವಾಗಲು ಬೇಸ್‌ಬಾಲ್ ಎಷ್ಟು ತಿಳಿದಿರಬೇಕು?

ಒಂದೇ ಸಂಗತಿ ಸಾಕು. ಬೇಸ್‌ಬಾಲಿನಲ್ಲಿ ಓವರ್‌ಗೊಬ್ಬ ಬೌಲರ್ ಬದಲಾಗುವುದಿಲ್ಲ. ಪಿಚ್ಚರ್ ಒಬ್ಬನೇ ಎಸೆಯುತ್ತಾ ಹೋಗುತ್ತಾನೆ, ತಂಡ ಅವನನ್ನು ಬದಲಿಸುವವರೆಗೆ. ಪ್ರತಿ ಎಸೆತದಲ್ಲೂ ಭುಜ ಮತ್ತು ಮೊಣಕೈ ತಿರುಚಿಕೊಳ್ಳುತ್ತವೆ. ಆದ್ದರಿಂದ ಇಂದಿನ ಪದ್ಧತಿಯಲ್ಲಿ ಆರಂಭದ ಪಿಚ್ಚರ್ ನೂರರ ಆಸುಪಾಸು ಎಸೆತ ಹಾಕಿದರೆ ಇಳಿಯುತ್ತಾನೆ, ಮುಂದಿನ ನಾಲ್ಕೈದು ದಿನ ಚೆಂಡು ಮುಟ್ಟಿದರೂ ಪಂದ್ಯವಾಡುವುದಿಲ್ಲ. ಒಂದು ಪಂದ್ಯದ ಒಂಬತ್ತೂ ಇನಿಂಗ್ಸ್ ಒಬ್ಬನೇ ಎಸೆದು ಮುಗಿಸಿದರೆ ಅದು ಈಗ ಸುದ್ದಿಯಾಗುವ ಸಾಧನೆ. ಇಷ್ಟು ನೆನಪಿಟ್ಟುಕೊಂಡು ಮುಂದಿನ ಉತ್ತರ ಓದಿ.

1984ರಲ್ಲಿ ಏನಾಯಿತು? ಎಲ್ಲರೂ ಆ ವರ್ಷವನ್ನೇ ಏಕೆ ಹೇಳುತ್ತಾರೆ?

ಏಕೆಂದರೆ ಆ ವರ್ಷ ಚೋಯ್ ದೊಂಗ್‌ವೊನ್ ಎಂಬ ಒಬ್ಬ ಮನುಷ್ಯ ಹತ್ತು ದಿನಗಳಲ್ಲಿ ತನ್ನ ಊರಿಗೆ ಕಪ್ ಎಸೆದುಕೊಟ್ಟ.

ಬುಸಾನ್‌ನವನೇ, ಅಲ್ಲಿನ ಕ್ಯೊಂಗ್‌ನಾಮ್ ಹೈಸ್ಕೂಲಿನ ಹುಡುಗ. ಚಿನ್ನದ ಬಣ್ಣದ ಚೌಕಟ್ಟಿನ ಕನ್ನಡಕ ಹಾಕಿಕೊಂಡೇ ಎಸೆಯುತ್ತಿದ್ದ. ಪ್ರತಿ ಎಸೆತಕ್ಕೂ ಮುನ್ನ ಅವನದೊಂದು ಕ್ರಮವಿತ್ತು: ರಾಳದ ಪುಡಿಯ ಚೀಲ ಮುಟ್ಟುವುದು, ಕಾಲುಚೀಲ ಎಳೆದುಕೊಳ್ಳುವುದು, ಕನ್ನಡಕ ಸರಿಪಡಿಸುವುದು, ಟೋಪಿ ಒತ್ತುವುದು. ಆಮೇಲೆ ಎಡಗಾಲು ಎತ್ತರಕ್ಕೆ ಏಳುತ್ತಿತ್ತು, ಇಡೀ ಮೈ ಚೆಂಡಿನ ಹಿಂದೆಯೇ ಹಾರಿಹೋಗುವಂತೆ ಮುಂದಕ್ಕೆ ಬೀಳುತ್ತಿತ್ತು. ಹಳೆಯ ವಿಡಿಯೊಗಳಲ್ಲಿ ನೋಡಿ, ಒಂದೊಂದು ಎಸೆತವೂ ಕೊನೆಯ ಎಸೆತವೇನೋ ಎನ್ನುವಂತಿದೆ.

ಬೇಸ್‌ಬಾಲಿನಲ್ಲಿ ಪ್ರತಿ ಗೆಲುವನ್ನೂ ಸೋಲನ್ನೂ ಒಬ್ಬ ಪಿಚ್ಚರ್ ಹೆಸರಿಗೆ ಬರೆಯುತ್ತಾರೆ. 1984ರ ಋತುವಿನಲ್ಲಿ ಅವನು 27 ಪಂದ್ಯ ಗೆದ್ದ, 223 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ. ಈ 223ರ ದಾಖಲೆ ಮುರಿಯಲು 2021ರವರೆಗೆ ಕಾಯಬೇಕಾಯಿತು. ಸ್ಯಾಮ್‌ಸಂಗ್ ಎದುರಿನ ಕೊರಿಯನ್ ಸರಣಿ, ಅಂದರೆ ಏಳು ಪಂದ್ಯಗಳ ಅಂತಿಮ ಹಣಾಹಣಿ, ಸೆಪ್ಟೆಂಬರ್ 30ಕ್ಕೆ ಶುರುವಾಯಿತು. ಮೊದಲ ಪಂದ್ಯದಲ್ಲಿ ಒಂಬತ್ತು ಇನಿಂಗ್ಸ್ ಎಸೆದು ಎದುರಾಳಿಗೆ ಒಂದು ರನ್ನನ್ನೂ ಬಿಡದೆ 4-0ಯಿಂದ ಗೆಲ್ಲಿಸಿದ. ಮೂರನೆಯದರಲ್ಲಿ ಮತ್ತೆ ಒಂಬತ್ತು, 3-2. ಐದನೆಯದನ್ನೂ ಒಬ್ಬನೇ ಎಸೆದ, 2-3ರಿಂದ ಸೋತ. ಮರುದಿನವೇ ಆರನೆಯ ಪಂದ್ಯದಲ್ಲಿ ನಡುವೆ ಬಂದು ಐದು ಇನಿಂಗ್ಸ್ ಎಸೆದು ಗೆದ್ದ. ಅಕ್ಟೋಬರ್ 9ರಂದು ಸೋಲ್ ನಗರದ ಜಾಮ್‌ಸಿಲ್ ಕ್ರೀಡಾಂಗಣದಲ್ಲಿ ಏಳನೆಯ ಪಂದ್ಯ. ಅಲ್ಲೂ ಮೊದಲ ಚೆಂಡು ಅವನ ಕೈಯಿಂದಲೇ.

ಎಂಟನೆಯ ಇನಿಂಗ್ಸ್ ಹೊತ್ತಿಗೆ ಲೋಟೆ 3-4ರಿಂದ ಹಿಂದೆ ಇತ್ತು. ಬ್ಯಾಟಿಗೆ ಬಂದವನು ಯೂ ದೂಯೊಲ್. ಸರಣಿಯುದ್ದಕ್ಕೂ ಅವನ ಬ್ಯಾಟು ಮೌನವಾಗಿತ್ತು. ಎದುರಿಗೆ ಕಿಮ್ ಇಲ್‌ಯುಂಗ್, ಸ್ಯಾಮ್‌ಸಂಗ್ ಗೆದ್ದಿದ್ದ ಮೂರೂ ಪಂದ್ಯಗಳು ಯಾರ ಹೆಸರಿನಲ್ಲಿದ್ದವೋ ಆ ಪಿಚ್ಚರ್. ಯೂ ಬೀಸಿದ ಹೊಡೆತ ಎಡಬದಿಯ ಬೇಲಿ ದಾಟಿತು. ಮೂವರು ಸುತ್ತು ಮುಗಿಸಿ ಮೂರು ರನ್ ತಂದರು, 6-4. ಒಂಬತ್ತನೆಯ ಇನಿಂಗ್ಸ್‌ನ ಕೊನೆಯ ಬ್ಯಾಟರ್ ಗಾಳಿಗೆ ಬೀಸಿ ಔಟಾದಾಗ ಚೋಯ್ ಎರಡೂ ಕೈ ಎತ್ತಿದ. ನಾಲ್ಕು ಗೆಲುವು, ನಾಲ್ಕೂ ಅವನದೇ. ಹತ್ತು ದಿನಗಳಲ್ಲಿ 40 ಇನಿಂಗ್ಸ್. ಒಂದು ಕೊರಿಯನ್ ಸರಣಿಯ ನಾಲ್ಕೂ ಗೆಲುವುಗಳನ್ನು ಒಬ್ಬನೇ ಪಿಚ್ಚರ್ ಪಡೆದದ್ದು ಅದೊಂದೇ ಸಲ. ಯಾವ ತಂಡವೂ ಇನ್ನೆಂದೂ ಒಬ್ಬ ಮನುಷ್ಯನಿಂದ ಇಷ್ಟನ್ನು ಕೇಳಬಾರದು ಎಂಬುದು ನನ್ನ ಪ್ರಾರ್ಥನೆ.

ಆ ವರ್ಷ ಸ್ಯಾಮ್‌ಸಂಗ್ ಬೇಕೆಂದೇ ಸೋತು ಲೋಟೆಯನ್ನು ಫೈನಲ್‌ಗೆ ತಂದಿತು ಎನ್ನುತ್ತಾರಲ್ಲ?

ಹೌದು, ಅದು ಕೊರಿಯನ್ ಬೇಸ್‌ಬಾಲಿನ ಮೇಲಿನ ಕಪ್ಪು ಚುಕ್ಕೆ. ಆಗ ಋತುವನ್ನು ಎರಡು ಭಾಗ ಮಾಡಿ, ಪೂರ್ವಾರ್ಧ ಗೆದ್ದವರಿಗೂ ಉತ್ತರಾರ್ಧ ಗೆದ್ದವರಿಗೂ ಅಂತಿಮ ಸರಣಿ ಆಡಿಸುತ್ತಿದ್ದರು. ಪೂರ್ವಾರ್ಧ ಗೆದ್ದು ನಿಶ್ಚಿಂತೆಯಿಂದಿದ್ದ ಸ್ಯಾಮ್‌ಸಂಗ್, ಉತ್ತರಾರ್ಧದ ಕೊನೆಯಲ್ಲಿ ಸುಲಭದ ಎದುರಾಳಿ ಎಂದು ಲೋಟೆಯನ್ನು ಆರಿಸಿಕೊಂಡು, ಅದರೆದುರು ಸೋಲುವಂತೆಯೇ ಆಡಿತು. ಅದೇ ಪಂದ್ಯಗಳಲ್ಲಿ ತನ್ನ ಲೀ ಮಾನ್‌ಸೂಗೆ ಬ್ಯಾಟಿಂಗ್ ಸರಾಸರಿಯ ಪಟ್ಟ ದಕ್ಕಲಿ ಎಂದು, ಬೆನ್ನಟ್ಟಿ ಬರುತ್ತಿದ್ದ ಲೋಟೆಯ ಹೊಂಗ್ ಮೂನ್‌ಜೊಂಗ್‌ಗೆ ಸತತ ಒಂಬತ್ತು ಬಾರಿ ಹೊಡೆಯಲಾಗದ ಚೆಂಡುಗಳನ್ನೇ ಎಸೆದು ಬಿಟ್ಟಿ ಬೇಸ್ ಕೊಟ್ಟರು. ಪಟ್ಟ ಲೀಗೆ ಸಿಕ್ಕಿತು. ಆದರೆ ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಚೋಯ್‌ಗೆ ಹೋಯಿತು. ಸುಲಭದ ತುತ್ತು ಎಂದುಕೊಂಡದ್ದು ಗಂಟಲಲ್ಲಿ ಸಿಕ್ಕಿಕೊಂಡಿತು.

ಇಷ್ಟು ಮಾಡಿದವನು ಕೊನೆಯವರೆಗೂ ಲೋಟೆಯಲ್ಲೇ ಇದ್ದನೇ?

ಇರಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

1988ರಲ್ಲಿ ಎದುರಾಳಿ ತಂಡದ ಒಬ್ಬ ಪಿಚ್ಚರ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆಟಗಾರನಿಗೆ ಏನಾದರೂ ಆದರೆ ಅವನ ಮನೆಯವರಿಗೆ ಯಾವ ಆಸರೆಯೂ ಇಲ್ಲ, ಕಡಿಮೆ ಸಂಬಳದವರ ಪಾಡು ಕೇಳುವವರಿಲ್ಲ ಎಂಬುದು ಚೋಯ್‌ಗೆ ಚುಚ್ಚಿತು. ಅವನಿಗೇನೂ ಕೊರತೆ ಇರಲಿಲ್ಲ, ಲೀಗಿನ ದೊಡ್ಡ ಸಂಬಳದವರಲ್ಲಿ ಅವನೂ ಒಬ್ಬ. ಆದರೂ ಆಟಗಾರರ ಸಂಘ ಕಟ್ಟಲು ಮುಂದೆ ನಿಂತ. ಕ್ಲಬ್‌ಗಳೆಲ್ಲ ಒಟ್ಟಾಗಿ ಅದನ್ನು ಹೊಸಕಿಹಾಕಿದವು. ಅದೇ ವರ್ಷ ನವೆಂಬರ್‌ನಲ್ಲಿ ಲೋಟೆ ಅವನನ್ನು ಸ್ಯಾಮ್‌ಸಂಗ್‌ಗೆ ಸಾಗಿಸಿತು, 1984ರಲ್ಲಿ ಅವನು ಒಬ್ಬಂಟಿಯಾಗಿ ಸೋಲಿಸಿದ್ದ ಅದೇ ತಂಡಕ್ಕೆ. ಸವೆದ ಭುಜದೊಂದಿಗೆ ಅಲ್ಲಿ ಎರಡು ಋತು ಕಳೆದು 1990ರಲ್ಲಿ ನಿವೃತ್ತನಾದ. ಒಟ್ಟು 103 ಗೆಲುವು. ಆಟಗಾರರ ಸಂಘ ಕೊನೆಗೂ ಕಣ್ಣು ಬಿಟ್ಟದ್ದು 2000ದಲ್ಲಿ.

ಬದುಕಿರುವಾಗ ಅವನು ಮತ್ತೆ ಲೋಟೆಯ ಅಂಗಿ ತೊಡಲಿಲ್ಲ. 2011ರ ಸೆಪ್ಟೆಂಬರ್ 14ರಂದು ದೊಡ್ಡಕರುಳಿನ ಕ್ಯಾನ್ಸರ್‌ನಿಂದ 53ರ ವಯಸ್ಸಿನಲ್ಲಿ ಕಣ್ಣುಮುಚ್ಚಿದ. ಅದಾದ ಮೇಲೆ ಕ್ಲಬ್ ಅವನ 11ನೇ ಸಂಖ್ಯೆಯನ್ನು ಶಾಶ್ವತವಾಗಿ ಮೀಸಲಿಟ್ಟಿತು. 2013ರಲ್ಲಿ ಲೋಟೆಯ ತವರಾದ ಸಾಜಿಕ್ ಕ್ರೀಡಾಂಗಣದ ಹೊರಗೆ ಪ್ರತಿಮೆ ನಿಂತಿತು. 2014ರಿಂದ ವರ್ಷದ ಶ್ರೇಷ್ಠ ಪಿಚ್ಚರ್‌ಗೆ ಅವನ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದ್ದಾರೆ. ಇವೆಲ್ಲ ಅವನ ಕಣ್ಣಿಗೆ ಬೀಳಬೇಕಿತ್ತು.

ಚೋಯ್ ಮತ್ತು ಸನ್ ದೊಂಗ್‌ಯೊಲ್ ನಡುವಿನ ಆ ದೀರ್ಘ ಪಂದ್ಯ ಯಾವುದು?

1987ರ ಮೇ 16, ಸಾಜಿಕ್. ಗ್ವಾಂಗ್‌ಜುವಿನ ಹೇತೇ ಟೈಗರ್ಸ್ ಪಿಚ್ಚರ್ ಸನ್ ಮತ್ತು ಲೋಟೆಯ ಚೋಯ್ ಇಬ್ಬರೂ 15 ಇನಿಂಗ್ಸ್ ಪೂರ್ತಿ ಎಸೆದರು. ಸನ್ 232 ಎಸೆತ, ಚೋಯ್ 209. ಫಲಿತಾಂಶ 2-2, ಸಮ. ಸುಮಾರು ಐದು ಗಂಟೆಯ ಆಟ. ಇಬ್ಬರಲ್ಲಿ ಯಾರೂ ಇಳಿಯಲು ಒಪ್ಪಲಿಲ್ಲ.

ಎರಡನೆಯ ಕಪ್ ಹೇಗೆ ಬಂತು?

1992ರಲ್ಲಿ. ತರಬೇತುದಾರ 1984ರವರೇ, ಕಾಂಗ್ ಬ್ಯೊಂಗ್‌ಚೊಲ್. ಲೀಗಿನಲ್ಲಿ ಮೂರನೆಯ ಸ್ಥಾನಕ್ಕೆ ಬಂದ ತಂಡ ಸ್ಯಾಮ್‌ಸಂಗ್, ಹೇತೇಗಳನ್ನು ದಾಟಿ, ಅಂತಿಮ ಸರಣಿಯಲ್ಲಿ ಬಿಂಗ್ರೇ ಈಗಲ್ಸ್ ತಂಡವನ್ನು 4-1ರಿಂದ ಸೋಲಿಸಿತು. ಬ್ಯಾಟಿಂಗ್ ಬಲವಾಗಿತ್ತು, .300ರ ಸರಾಸರಿ, ಅಂದರೆ ಹತ್ತು ಪ್ರಯತ್ನಕ್ಕೆ ಮೂರು ಹಿಟ್, ದಾಟಿದ ಐವರಿದ್ದರು.

ಆದರೆ ಬುಸಾನ್‌ನವರು ಆ ವರ್ಷ ಎಂದಾಗ ನೆನೆಯುವುದು ಹೈಸ್ಕೂಲು ಮುಗಿಸಿ ಆಗಷ್ಟೇ ಬಂದಿದ್ದ ಯೊಮ್ ಜೊಂಗ್‌ಸೊಕ್‌ನನ್ನು. ಹತ್ತೊಂಬತ್ತರ ಹುಡುಗ 17 ಪಂದ್ಯ ಗೆದ್ದ. ಇನ್ನೂರಕ್ಕೂ ಹೆಚ್ಚು ಇನಿಂಗ್ಸ್ ಎಸೆದ ಮೇಲೆ ಅಂತಿಮ ಸುತ್ತುಗಳಲ್ಲೂ ಅವನನ್ನೇ ದುಡಿಸಿದರು. ಆಮೇಲೆ ಮೊಣಕೈ, ಭುಜಗಳಿಗೆ ಒಂದರ ಹಿಂದೆ ಒಂದು ಶಸ್ತ್ರಚಿಕಿತ್ಸೆ. 17 ಗೆಲುವಿನ ಋತು ಮತ್ತೆ ಬರಲೇ ಇಲ್ಲ. ಆದರೂ 2008ರವರೆಗೆ ಲೋಟೆಯಲ್ಲೇ ಎಸೆದು, 93 ಗೆಲುವು 133 ಸೋಲುಗಳೊಂದಿಗೆ ನಿಲ್ಲಿಸಿದ.

ಲೋಟೆಯ ಬಳಿ ಇರುವುದು ಎರಡೇ ಕಪ್. ಒಂದಕ್ಕೆ ಚೋಯ್‌ನ ಭುಜ ಬೆಲೆಯಾಯಿತು, ಇನ್ನೊಂದಕ್ಕೆ ಯೊಮ್‌ನ ತೋಳು. ಈ ತಂಡವನ್ನು ಪ್ರೀತಿಸುವವರು ಈ ಲೆಕ್ಕವನ್ನೂ ಹೊರಬೇಕಾಗುತ್ತದೆ.

ಲಿಮ್ ಸೂಹ್ಯೊಕ್ ಹೆಸರು ಬಂದಾಗ ಹಳಬರು ಏಕೆ ಮಾತು ನಿಲ್ಲಿಸುತ್ತಾರೆ?

1999ರ ಅಕ್ಟೋಬರ್‌ನಿಂದ ಹೇಳಬೇಕು. ಸ್ಯಾಮ್‌ಸಂಗ್ ಎದುರಿನ ಪ್ಲೇಆಫ್‌ನಲ್ಲಿ 1-3ರಿಂದ ಹಿಂದಿದ್ದ ಲೋಟೆ, ಸರಣಿಯನ್ನು ಏಳನೆಯ ಪಂದ್ಯಕ್ಕೆ ಎಳೆದು ತಂದಿತ್ತು. ಪಂದ್ಯ ದೇಗುವಿನಲ್ಲಿ. ಹೋಮ್ ರನ್, ಅಂದರೆ ಬೇಲಿ ದಾಟುವ ಹೊಡೆತ, ಹೊಡೆದು ಬಂದ ಲೋಟೆಯ ಫೆಲಿಕ್ಸ್ ಹೋಸೆಯ ಮೇಲೆ ಪ್ರೇಕ್ಷಕರು ವಸ್ತುಗಳನ್ನು ಎಸೆದರು, ಅವನು ಬ್ಯಾಟನ್ನೇ ಗ್ಯಾಲರಿಗೆ ಎಸೆದ, ಅವನನ್ನು ಹೊರಹಾಕಿದರು. ನಾಯಕ ಪಾರ್ಕ್ ಜೊಂಗ್‌ತೆ ಎಲ್ಲರನ್ನೂ ಕಟ್ಟಿಕೊಂಡು ಮೈದಾನ ಬಿಟ್ಟು ಹೊರಡುವುದರಲ್ಲಿದ್ದ. ಆಟ ಮುಂದುವರಿದು, ಒಂಬತ್ತನೆಯ ಇನಿಂಗ್ಸ್‌ನಲ್ಲಿ ಲೋಟೆ 3-5ರಿಂದ ಹಿಂದಿದ್ದಾಗ ಬದಲಿ ಬ್ಯಾಟರ್ ಆಗಿ ಬಂದ ಕ್ಯಾಚರ್ ಲಿಮ್ ಸೂಹ್ಯೊಕ್ ಎರಡು ರನ್ನಿನ ಹೋಮ್ ರನ್ ಹೊಡೆದ. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಲೋಟೆ 6-5ರಿಂದ ಗೆದ್ದಿತು. ಫೈನಲ್‌ನಲ್ಲಿ ಹಾನ್ವಾ ಈಗಲ್ಸ್ ಎದುರು ಸೋತರೂ, ಆ ಹೊಡೆತವನ್ನು ಯಾರೂ ಮರೆಯಲಿಲ್ಲ.

ಆರು ತಿಂಗಳು ಕಳೆಯಿತು. 2000ದ ಏಪ್ರಿಲ್ 18, ಜಾಮ್‌ಸಿಲ್. ಎರಡನೆಯ ಇನಿಂಗ್ಸ್. ಲಿಮ್ ಎರಡನೆಯ ಬೇಸ್ ಬಳಿ ನಿಂತಿದ್ದ, ಇದ್ದಕ್ಕಿದ್ದಂತೆ ಕುಸಿದ. ಹೃದಯದ ಬಡಿತ ತಪ್ಪಿತ್ತು. ಮೈದಾನದಲ್ಲಿ ವೈದ್ಯರಿರಲಿಲ್ಲ. ಎದೆ ಒತ್ತಿ ಉಸಿರು ಮರಳಿಸುವವರೂ ಇರಲಿಲ್ಲ. ಸ್ಟ್ರೆಚರ್ ಮೇಲೆ ಹೊತ್ತು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಮಿದುಳಿಗೆ ರಕ್ತ ನಿಂತುಹೋಗಿತ್ತು. ಪ್ರಜ್ಞೆ ಮರಳದೆ ಸುಮಾರು ಹತ್ತು ವರ್ಷ ಹಾಸಿಗೆಯಲ್ಲಿದ್ದು, 2010ರ ಫೆಬ್ರವರಿ 7ರಂದು ತೀರಿಕೊಂಡ. ಇಂದು ಕೊರಿಯದ ಕ್ರೀಡಾಂಗಣಗಳಲ್ಲಿ ಪಂದ್ಯದ ಹೊತ್ತು ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಕರು ಕಾದು ನಿಂತಿರುತ್ತಾರೆ. ಆ ವ್ಯವಸ್ಥೆಯ ಹಿಂದೆ ಇವನ ಹೆಸರಿದೆ.

‘8888577’ ಯಾರ ಫೋನ್ ನಂಬರ್?

ಯಾರದೂ ಅಲ್ಲ. 2001ರಿಂದ 2007ರವರೆಗೆ ಲೋಟೆ ಲೀಗಿನಲ್ಲಿ ಪಡೆದ ಸ್ಥಾನಗಳು. ಎಂಟು ತಂಡಗಳ ಲೀಗಿನಲ್ಲಿ ನಾಲ್ಕು ವರ್ಷ ಎಂಟನೆಯದು. 2001ರ ಜುಲೈಯಲ್ಲಿ ತರಬೇತುದಾರ ಕಿಮ್ ಮ್ಯೊಂಗ್‌ಸೊಂಗ್ ಋತುವಿನ ನಡುವೆಯೇ ಹೃದಯಾಘಾತದಿಂದ ತೀರಿಕೊಂಡರು. 2002ರಲ್ಲಿ 35 ಗೆಲುವು, 97 ಸೋಲು. ಅದೇ ವರ್ಷ ಅಕ್ಟೋಬರ್ 19ರಂದು ಹಾನ್ವಾ ಎದುರಿನ ಪಂದ್ಯಕ್ಕೆ ಸಾಜಿಕ್‌ಗೆ ಬಂದವರು 69 ಮಂದಿ. ಇದೇ ಕ್ಲಬ್ 1991ರಲ್ಲಿ ಒಂದೇ ಋತುವಿನಲ್ಲಿ ಹತ್ತು ಲಕ್ಷ ಪ್ರೇಕ್ಷಕರನ್ನು ಕಂಡ ದೇಶದ ಮೊದಲ ತಂಡ. ಊರು ಕೋಪಿಸಿಕೊಂಡರೆ ಹೇಗಿರುತ್ತದೆ ಎಂಬುದಕ್ಕೆ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆ 69 ಮಂದಿ ಯಾರಿದ್ದರು, ಆ ಚಳಿಯಲ್ಲಿ ಏನೆಂದು ಕೂಗಿದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ಗುಂಡಿಯಿಂದ ಮೇಲೆತ್ತಿದವರು ಯಾರು?

ಅಮೆರಿಕದ ಜೆರ್ರಿ ರಾಯ್‌ಸ್ಟರ್. 2008ರಲ್ಲಿ ಬಂದರು, ಕೊರಿಯದ ಲೀಗಿನ ಮೊದಲ ವಿದೇಶಿ ತರಬೇತುದಾರ. ಸೋಲಿಗೆ ಹೆದರಿ ಮುದುಡಿದ್ದ ಹುಡುಗರಿಗೆ ಅವರು ಹೇಳಿಕೊಟ್ಟ ಪಾಠ ಹೆದರಬೇಡಿ ಎಂಬುದೊಂದೇ. ಮೊದಲ ಚೆಂಡಿಗೇ ಬೀಸಿ, ತಪ್ಪಿದರೆ ಮತ್ತೆ ಬೀಸಿ. ಮೂರು ವರ್ಷವೂ ತಂಡ ‘ಶರತ್ಕಾಲದ ಬೇಸ್‌ಬಾಲ್’ ಆಡಿತು. ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತುಗಳನ್ನು ಕೊರಿಯದವರು ಹೀಗೆ ಕರೆಯುತ್ತಾರೆ. 2009ರಲ್ಲಿ ಸಾಜಿಕ್‌ಗೆ ಬಂದವರ ಸಂಖ್ಯೆ 13 ಲಕ್ಷ 80 ಸಾವಿರ. ಆ ದಾಖಲೆ 2024ರಲ್ಲಿ ಎಲ್‌ಜಿ ಮುರಿಯುವವರೆಗೆ ಉಳಿಯಿತು. ಆದರೆ ಮೂರೂ ಸಲ ಮೊದಲ ಸರಣಿಯಲ್ಲೇ ಸೋತದ್ದರಿಂದ 2010ರ ಕೊನೆಯಲ್ಲಿ ರಾಯ್‌ಸ್ಟರ್ ಒಪ್ಪಂದವನ್ನು ಕ್ಲಬ್ ಮುಂದುವರಿಸಲಿಲ್ಲ. ಅಭಿಮಾನಿಗಳಿಗೆ ಅದು ಇಂದಿಗೂ ಒಪ್ಪಿಗೆಯಿಲ್ಲ, ನನಗೂ ಇಲ್ಲ.

ಲೀ ದೇಹೋ ಅಷ್ಟು ದೊಡ್ಡ ಆಟಗಾರನೇ?

ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಿ ಮೊಮ್ಮಕ್ಕಳನ್ನು ಸಾಕಿದ ಅಜ್ಜಿಯ ಮಡಿಲಲ್ಲಿ ಬೆಳೆದ ಬುಸಾನ್ ಹುಡುಗ. ಚೋಯ್ ಓದಿದ ಹೈಸ್ಕೂಲೇ ಇವನದೂ. 2001ರಲ್ಲಿ ಪಿಚ್ಚರ್ ಆಗಿ ಬಂದು, ಭುಜ ಕೈಕೊಟ್ಟಿದ್ದರಿಂದ ಬ್ಯಾಟ್ ಹಿಡಿದ. 2010ರಲ್ಲಿ ಸರಾಸರಿ .364, ಹೋಮ್ ರನ್ 44, ಆ ವರ್ಷ ಬ್ಯಾಟಿಂಗಿನ ಏಳು ಪಟ್ಟಗಳು ಇವನೊಬ್ಬನಿಗೇ. ಅದೇ ಆಗಸ್ಟ್‌ನಲ್ಲಿ ಸತತ ಒಂಬತ್ತು ಪಂದ್ಯಗಳಲ್ಲಿ ಹೋಮ್ ರನ್ ಹೊಡೆದ. ಜಪಾನ್, ಅಮೆರಿಕ ಸುತ್ತಿ 2017ರಲ್ಲಿ ಮನೆಗೆ ಮರಳಿದ. 2022ರ ಅಕ್ಟೋಬರ್ 8ರಂದು ಕೊನೆಯ ಪಂದ್ಯ. ಎಂಟನೆಯ ಇನಿಂಗ್ಸ್‌ನಲ್ಲಿ ಅವನ ಕೈಗೇ ಚೆಂಡು ಕೊಟ್ಟರು. ಎದುರು ತಂಡ ಎಲ್‌ಜಿ ಪ್ರೀತಿಯಿಂದ ತನ್ನ ಪಿಚ್ಚರ್ ಗೋ ಊಸೊಕ್‌ನನ್ನೇ ಬ್ಯಾಟಿಗೆ ಕಳಿಸಿತು. ಗೋ ಹೊಡೆದ ಚೆಂಡನ್ನು ದೇಹೋ ತಾನೇ ಹಿಡಿದು ಔಟ್ ಮಾಡಿದ. ಇಪ್ಪತ್ತೊಂದು ವರ್ಷಗಳ ಹಿಂದೆ ಪಿಚ್ಚರ್ ಆಗಿ ಬಂದಿದ್ದವನು ಎಸೆದೇ ಹೊರಟ. ಅವನ 10ನೇ ಸಂಖ್ಯೆಯನ್ನೂ ಮೀಸಲಿಟ್ಟಿದ್ದಾರೆ.

ಅವನಿಗೆ ಕೊರಿಯನ್ ಸರಣಿಯ ಒಂದು ಪಂದ್ಯವನ್ನೂ ಲೋಟೆ ಆಡಿಸಲಾಗಲಿಲ್ಲ.

‘ಬೋಮ್‌ದೆ’ ಎಂದರೇನು? ಈಗ ತಂಡ ಹೇಗಿದೆ?

ಕೊರಿಯನ್ ಭಾಷೆಯಲ್ಲಿ ‘ಬೋಮ್’ ಎಂದರೆ ವಸಂತ. ಲೋಟೆಯನ್ನು ಕೊರಿಯನ್‌ನಲ್ಲಿ ಬರೆದಾಗಿನ ಕೊನೆಯ ಅಕ್ಷರ ‘ದೆ’ ಸೇರಿಸಿದರೆ ಬೋಮ್‌ದೆ, ವಸಂತದ ಲೋಟೆ. ಏಪ್ರಿಲ್‌ನಲ್ಲಿ ಚಿಗುರಿ ಬೇಸಿಗೆಯಲ್ಲಿ ಬಾಡುವ ತಂಡ. 2023ರ ವಸಂತದಲ್ಲಿ ಸತತ ಒಂಬತ್ತು ಗೆದ್ದು ಅಗ್ರಸ್ಥಾನಕ್ಕೇರಿ, ಕೊನೆಗೆ ಏಳನೆಯದಾಯಿತು. 2024ರಲ್ಲಿ ವಿಕ್ಟರ್ ರೆಯೆಸ್ 202 ಹಿಟ್ ಹೊಡೆದು ಲೀಗಿನ ದಾಖಲೆ ಬರೆದ, ತಂಡ ಮತ್ತೆ ಏಳನೆಯದು. 2025ರಲ್ಲಿ ಆಗಸ್ಟ್ ಆರಂಭದವರೆಗೆ ಮೂರನೆಯ ಸ್ಥಾನದಲ್ಲಿದ್ದು, ಆಮೇಲೆ ಸತತ 12 ಸೋತು ಮತ್ತೆ ಅದೇ ಏಳು. 2017ರ ನಂತರ ಶರತ್ಕಾಲದ ಬೇಸ್‌ಬಾಲ್ ಇಲ್ಲ, 1992ರ ನಂತರ ಕಪ್ ಇಲ್ಲ. ಕಪ್ ಗೆದ್ದ ತಂಡಗಳಲ್ಲಿ ಇಷ್ಟು ಕಾಲ ಕಾದವರು ಬೇರೆ ಇಲ್ಲ. ಪಕ್ಕದ ಚಾಂಗ್‌ವೊನ್ ನಗರದಲ್ಲಿ 2013ರಲ್ಲಿ ಆಡತೊಡಗಿದ ಎನ್‌ಸಿ ಡೈನೋಸ್ ಕೂಡ 2020ರಲ್ಲಿ ಕಪ್ ಗೆದ್ದಾಯಿತು.

ಇಷ್ಟಾದರೂ ಸಾಜಿಕ್ ಏಕೆ ತುಂಬುತ್ತದೆ?

ಹಾಡಲು ಬರುತ್ತಾರೆ. ಸಾಜಿಕ್‌ಗೆ ಜಗತ್ತಿನ ಅತಿ ದೊಡ್ಡ ಹಾಡುಕೋಣೆ ಎಂಬ ಹೆಸರಿದೆ. ‘ಬುಸಾನ್ ಗಲ್ಮೇಗಿ’, ಅಂದರೆ ಬುಸಾನ್ ಕಡಲಹಕ್ಕಿ, 1982ರಲ್ಲಿ ಮೂನ್ ಸೊಂಗ್‌ಜೆ ಹಾಡಿದ ಗೀತೆ. ವೃತ್ತಿಪರ ತಂಡ ಮತ್ತು ಹಾಡು ಒಂದೇ ವರ್ಷದವು. ಅದು ಶುರುವಾದರೆ ಅಜ್ಜ ಮೊಮ್ಮಕ್ಕಳೆನ್ನದೆ ಇಡೀ ಗ್ಯಾಲರಿ ಎದ್ದು ನಿಲ್ಲುತ್ತದೆ. ಹಿಂದೆ ಪತ್ರಿಕೆಯ ಹಾಳೆಗಳನ್ನು ಸೀಳಿ ಜುಟ್ಟು ಮಾಡಿ ಬೀಸುತ್ತಿದ್ದರು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ, ಬಾಯಿ ಗಂಟು ಹಾಕಿ, ಹಿಡಿಗಳನ್ನು ಕಿವಿಗೆ ಸಿಕ್ಕಿಸಿ ತಲೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಎಂಟನೆಯ ಇನಿಂಗ್ಸ್ ಹೊತ್ತಿಗೆ ಸಾವಿರಾರು ಕಿತ್ತಳೆ ತಲೆಗಳು. ಪಂದ್ಯ ಮುಗಿದೊಡನೆ ಅದೇ ಚೀಲದ ಗಾಳಿ ಬಿಟ್ಟು ತಮ್ಮ ಕಸ ತುಂಬಿಕೊಂಡು ಹೋಗುತ್ತಿದ್ದರು.

ಗ್ಯಾಲರಿಗೆ ಬಂದ ಚೆಂಡನ್ನು ದೊಡ್ಡವರು ಹಿಡಿದರೆ ಸುತ್ತಲಿನವರು ‘ಆ ಜೂರಾ’ ಎಂದು ಕೂಗುತ್ತಾರೆ. ಬುಸಾನ್ ಆಡುಮಾತಿನಲ್ಲಿ ಮಗುವಿಗೆ ಕೊಡು ಎಂದರ್ಥ. ಕೊಡುವವರೆಗೂ ಬಿಡುವುದಿಲ್ಲ.

ನೋಡಲು ಹೋಗಬೇಕೆಂದಿದ್ದೇನೆ. ಏನು ತಿಳಿದಿರಬೇಕು?

ಬುಸಾನ್ ಮೆಟ್ರೊದ ಮೂರನೆಯ ಮಾರ್ಗದಲ್ಲಿ ಸಾಜಿಕ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಲೋಟೆಯವರೊಡನೆ ಕೂರಬೇಕಿದ್ದರೆ ಮೊದಲ ಬೇಸ್ ಬದಿಯ ಟಿಕೆಟ್ ಕೊಳ್ಳಿ, ವಾರಾಂತ್ಯದಲ್ಲಿ ಬೇಗ ಮುಗಿಯುತ್ತವೆ. ಕ್ರೀಡಾಂಗಣ 1985ರದು, ಹಳತಾಗಿದೆ, ಕೆಡವಿ ಅಲ್ಲೇ ಹೊಸದು ಕಟ್ಟುವ ಯೋಜನೆ ನಗರಾಡಳಿತದ ಮುಂದಿದೆ. ಹಳೆಯ ಸಾಜಿಕ್ ನೋಡುವ ಆಸೆಯಿದ್ದರೆ ತಡ ಮಾಡಬೇಡಿ. ಒಳಗೆ ಹೋಗುವ ಮುನ್ನ ಹೊರಗಿನ ಚೋಯ್ ಪ್ರತಿಮೆಯ ಬಳಿ ನಿಲ್ಲಿ. ಸೆಪ್ಟೆಂಬರ್ 14ರ ಆಸುಪಾಸಿನಲ್ಲಾದರೆ ಪಾದದ ಬಳಿ ಹೂವು ಇರುತ್ತದೆ. ನೀವೂ ಒಂದು ಹೂವು ಇಡಿ.